ಬುದ್ಧನಾಗದ ಬಿದಿರು

ಕೋಲಾರದ ಕಡೆಯ ರೈತರ ಮನೆಗಳಲ್ಲಿ ಹುಲ್ಲಿಗೆ ಎರಡೇ ಗತಿ. ಗರಿಕೆಯಾದರೆ ಕುರುಡುಮಲೆ ಗಣಪನಿಗೆ, ಮಿಕ್ಕದ್ದೆಲ್ಲ ಹಸುವಿಗೆ. ಎರಡಕ್ಕೂ ಸಲ್ಲದ್ದು ರಾಗಿ ಹೊಲದ ಕಳೆ. ಅದನ್ನು ಕಿತ್ತು ಬದುವಿಗೆ ಎಸೆಯುವುದರಲ್ಲೇ ನಮ್ಮ ಹಿರಿಯರ ಬೆನ್ನು ಬಾಗಿತು. ಅಂಥವರ ಮಕ್ಕಳಾದ ನಾವು ಈಗ ಮಾಲೂರು ರಸ್ತೆಯ ನರ್ಸರಿಗೆ ಹೋಗಿ, ಚೌಕಾಸಿ ಮಾಡಿ, ದುಡ್ಡು ಕೊಟ್ಟು ಹುಲ್ಲು ತರುತ್ತೇವೆ. ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ.ಯವರು ಕಗ್ಗದಲ್ಲಿ ಮನುಷ್ಯನಿಗೆ ಹುಲ್ಲಿನಂತೆ ಬಾಳಲು ಬುದ್ಧಿ ಹೇಳಿದ್ದಾರೆ, ನಿಜ. ಆದರೆ ಹುಲ್ಲನ್ನು ಬಣ್ಣದ ಕುಂಡದಲ್ಲಿ ಕೂರಿಸಿ ಎಂದು ಅವರೂ ಹೇಳಿದಂತಿಲ್ಲ.

ಅಪ್ಪ ಶ್ರೀನಿವಾಸಪುರದ ಹಳ್ಳಿ ಬಿಟ್ಟು ನಮ್ಮ ಜೊತೆ ಇರಲು ಬಂದದ್ದು ಹಸುಗಳನ್ನು ಮಾರಿದ ಮೇಲೆ. ಬೆಳಿಗ್ಗೆ ಎದ್ದರೆ ಕೈಗೆ ಕೆಲಸವಿಲ್ಲ. ಕಾಂಪೌಂಡಿನೊಳಗೆ ಸುತ್ತುತ್ತಾ ಒಂದು ದಿನ ಫೌಂಟನ್ ಗ್ರಾಸಿನ ಕುಂಡದ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. ದ್ರಾಕ್ಷಿ ಬಣ್ಣದ ಗರಿ, ನರಿಬಾಲದಂಥ ತೆನೆ. ಒಂದು ಗರಿಯನ್ನು ಬೆರಳ ನಡುವೆ ಹೊಸೆದು ನೋಡಿ, "ಹಸ ತಿಂತದೇನಪ್ಪಾ ಇದನ್ನ?" ಎಂದರು.

"ಇಲ್ಲಪ್ಪ, ಬರೀ ನೋಡೋಕೆ."

"ನೋಡೋಕಾ?" ಎಂದು ಮತ್ತೊಮ್ಮೆ ಕೇಳಿಕೊಂಡರು, ನನ್ನನ್ನಲ್ಲ, ಆ ಹುಲ್ಲನ್ನೇ. ಆಮೇಲೆ, "ಇದು ಸಜ್ಜೆ ಪೈಕಿ ಕಣಪ್ಪ. ನೇಪಿಯರ್‌ಗೂ ನಂಟಿರಬೇಕು," ಎಂದು ತೀರ್ಪು ಕೊಟ್ಟು ಎದ್ದರು. ಪುಸ್ತಕ ತೆರೆದು ನೋಡಿದರೆ ನಿಜವೇ! ಸಸ್ಯಶಾಸ್ತ್ರದವರು ಈ ಮೂರನ್ನೂ ಪೆನ್ನಿಸೀಟಂ ಎಂಬ ಒಂದೇ ಕುಲದಲ್ಲಿ ಇಟ್ಟುಕೊಂಡು ಬಂದಿದ್ದಾರೆ. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ಅಪ್ಪನಿಗೆ ಅದನ್ನು ಕಲಿಸಿದ್ದು ಮೇವು ಕೊಯ್ದ ಬೆರಳುಗಳು.

ಬಿದಿರೂ ಹುಲ್ಲಿನ ಜಾತಿಯೇ ಎಂದಾಗ ಮಾತ್ರ ಅವರು ನಂಬಲಿಲ್ಲ. ಸರ್ಕಾರಕ್ಕೇ ಅದು ಬೇಗ ಹೊಳೆಯಲಿಲ್ಲ ಎಂದು ಸಮಾಧಾನ ಹೇಳಿದೆ. 1927ರ ಅರಣ್ಯ ಕಾಯ್ದೆ ಬಿದಿರನ್ನು ಮರಗಳ ಪಟ್ಟಿಗೆ ಸೇರಿಸಿತ್ತು. ಕಾಡಿನಾಚೆ ಬೆಳೆದ ಬಿದಿರು ಆ ಪಟ್ಟಿಯಿಂದ ಬಿಡುಗಡೆಯಾದದ್ದು 2017ರ ತಿದ್ದುಪಡಿಯಲ್ಲಿ. "ಆಫೀಸು ಕೆಲಸ ಅಲ್ವಾ, ತೊಂಬತ್ತು ವರ್ಷ ಹಿಡಿದೇ ಹಿಡೀತದೆ," ಎಂದರು ಅಪ್ಪ. ಖಾತೆ ಬದಲಾವಣೆಗೆ ತಾಲ್ಲೂಕು ಕಚೇರಿ ಅಲೆದವರ ಮಾತು ಅದು.

ನಮ್ಮಲ್ಲಿದ್ದದ್ದು ಬುದ್ಧ ಬೆಲ್ಲಿ ಬಿದಿರು. ಗಿಣ್ಣು ಗಿಣ್ಣಿನ ನಡುವೆ ಡೊಳ್ಳುಹೊಟ್ಟೆ. ಅದೇ ಅದರ ಚೆಲುವು, ಅದಕ್ಕೇ ಬೆಲೆ. ಆದರೆ ಹೊಟ್ಟೆ ಬರಬೇಕಾದರೆ ಗಿಡ ಬಳಲಬೇಕು. ಬೇರಿಗೆ ಜಾಗ ಸಾಲಬಾರದು, ನೀರು ಸಾಲಬಾರದು. ನೆಲದಲ್ಲಿ ನೆಟ್ಟು ಚೆನ್ನಾಗಿ ನೀರುಣಿಸಿದರೆ ಎಲ್ಲ ಬಿದಿರಿನಂತೆ ನೆಟ್ಟಗೆ ಬೆಳೆದುಬಿಡುತ್ತದೆ. "ನೀರು ಕಮ್ಮಿ ಬಿಡಿ ಸಾರ್," ಎಂದು ನರ್ಸರಿಯ ಹುಡುಗ ಎಚ್ಚರಿಸಿ ಕಳಿಸಿದ್ದ. ವರ್ಷವಿಡೀ ಹರಿಯುವ ಒಂದು ನದಿಯಿಲ್ಲದ, ಸಾವಿರ ಅಡಿ ದಾಟಿದ ಬೋರ್‌ವೆಲ್ಲೂ ಧೂಳು ಉಗುಳುವ ನಮ್ಮ ಸೀಮೆಗೆ ಹೇಳಿ ಮಾಡಿಸಿದ ಗಿಡವೆಂದು ನನಗೆ ಒಳಗೊಳಗೇ ಹೆಮ್ಮೆ.

ಇದನ್ನೆಲ್ಲ ಕೇಳಿ ಅಪ್ಪ ನಕ್ಕರು. "ಮಳೆ ಹೋದ್ರೆ ನಮ್ಮೂರಲ್ಲಿ ಎಲ್ಲರ ಹೊಟ್ಟೆನೂ ಒಳಕ್ಕೆ ಹೋಗ್ತಿತ್ತು. ಇದಕ್ಕೆ ಈಚೆಗೆ ಬರ್ತದಲ್ಲಪ್ಪ!" ನಗು ನಿಂತಿತು. ಒಂದು ಬರದಲ್ಲಿ ಮೇವು ಹೊಂದಿಸಲಾಗದೆ ಈಯುವ ಹಸುವನ್ನು ಸಂತೆಗೆ ಹೊಡೆದುಕೊಂಡು ಹೋದದ್ದನ್ನು ಹೇಳಿದರು. ಎಷ್ಟಕ್ಕೆ ಮಾರಿದಿರಿ ಎಂದೆ. ಅದೊಂದು ಮರೆತಿದ್ದರು, ಅದರ ಹಣೆಯ ಬಿಳಿ ಚುಕ್ಕಿ ಮರೆತಿರಲಿಲ್ಲ.

ಮಾರನೆಯ ದಿನದಿಂದ ಅಕ್ಕಿ ತೊಳೆದ ನೀರು, ಸೊಪ್ಪು ತೊಳೆದ ನೀರು ಎಲ್ಲವೂ ಬಿದಿರಿನ ಬುಡಕ್ಕೆ. ನಾನು ಆಕ್ಷೇಪಿಸಿದರೆ ಕಿವಿ ಮಂದವಾದವರಂತೆ ಅತ್ತ ತಿರುಗುತ್ತಿದ್ದರು. ನಾವು ಮದುವೆಗೆಂದು ಊರಿಗೆ ಹೋಗಿ ಬರುವಷ್ಟರಲ್ಲಿ ಕುಂಡ ಖಾಲಿ. ಬಿದಿರು ಕಾಂಪೌಂಡಿನ ಮೂಲೆಯ ನೆಲದಲ್ಲಿ, ಪಾತಿ ಸಮೇತ. "ಕಾಲು ಚಾಚ್ಕೊಳ್ಳಿ ಬಿಡು," ಎಂದರು. ಮಳೆಗಾಲಕ್ಕೆ ಹೊಸ ಕಳಲೆಗಳು ಎದ್ದವು, ಒಂದಕ್ಕೂ ಹೊಟ್ಟೆಯಿಲ್ಲ. ಪಕ್ಕದ ಮನೆಯವರು ಮಾವು ಕೀಳುವ ದೋಟಿಗೆ ಒಂದು ಗಳ ಕೇಳಿದಾಗ ಅಪ್ಪನ ಮುಖ ನೋಡಬೇಕಿತ್ತು. ತಾವು ಸಾಕಿದ್ದು ಕಡೆಗೂ ಕೆಲಸಕ್ಕೆ ಬಂತಲ್ಲ!

ಈಗ ಅಪ್ಪ ಇಲ್ಲ. ಬೆಂಗಳೂರಿನಿಂದ ಬರುವ ನೆಂಟರು ಇದು ಯಾವ ಜಾತಿ ಎಂದು ಕೇಳುತ್ತಾರೆ. ಹೆಸರು ಹೇಳಿದರೆ ಬುಡದಿಂದ ತುದಿಯವರೆಗೆ ಹೊಟ್ಟೆ ಹುಡುಕಿ, ನರ್ಸರಿಯವನು ಮೋಸ ಮಾಡಿದ ಎಂದು ಮರುಗುತ್ತಾರೆ. ಒಣಗಿಸಿದರೆ ಇನ್ನೂ ಬಂದೀತು ಎಂದು ಸಲಹೆ ಕೊಟ್ಟವರೂ ಉಂಟು. ಹೂಂ ಎನ್ನುತ್ತೇನೆ. ಬೇಸಿಗೆಯಲ್ಲಿ ಟ್ಯಾಂಕರ್ ಬಂದ ದಿನ ಮೊದಲ ಬಿಂದಿಗೆ ಮಾತ್ರ ಅದಕ್ಕೇ. ಕುಡಿಯೋಕಿಲ್ಲ, ಬಿದಿರಿಗೆ ಸುರೀತಾರೆ ಎಂದು ಮನೆಯವಳು ಗೊಣಗುತ್ತಾಳೆ. ಗೊಣಗುತ್ತಲೇ ಎರಡನೆಯ ಬಿಂದಿಗೆ ತಾನೇ ಎತ್ತಿ ತಂದು ಸುರಿಯುತ್ತಾಳೆ.