ಕೃಚ್ಛ್ರಸಾಧ್ಯ

ಚರಕಸಂಹಿತೆಯಲ್ಲಿ ರೋಗಗಳನ್ನು ಸುಖಸಾಧ್ಯ, ಕೃಚ್ಛ್ರಸಾಧ್ಯ, ಯಾಪ್ಯ, ಅಸಾಧ್ಯವೆಂದು ನಾಲ್ಕು ಬಗೆಯಾಗಿ ವಿಂಗಡಿಸಿರುವುದನ್ನು ವಾಚಕರು ಬಲ್ಲರು. ಬಹು ಪ್ರಯಾಸದಿಂದ ಗುಣವಾಗತಕ್ಕುದು ಕೃಚ್ಛ್ರಸಾಧ್ಯ. ಗುಣವಾಗದೆ, ಔಷಧ ಪಥ್ಯಗಳ ಆಸರೆಯಿಂದ ಕಾಲ ತಳ್ಳಬೇಕಾದುದು ಯಾಪ್ಯ. ಪಗಡೆಯ ಕಾಯಿ ಮನೆಯಿಂದ ಮನೆಗೆ ನಡೆಯುವಂತೆ ಒಂದೇ ರೋಗವು ಒಬ್ಬನೇ ಮನುಷ್ಯನಲ್ಲಿ ಈ ಮನೆಗಳನ್ನು ಸುತ್ತಿಬರುವುದೂ ಉಂಟು. ಬೆಂಗಳೂರಿನ ದಕ್ಷಿಣದಂಚಿನ ಅಂಜನಾಪುರದಲ್ಲಿರುವ ವೃದ್ಧ ಗೃಹಸ್ಥರೊಬ್ಬರ ಹೆಪಟೈಟಿಸ್ ಸಿ ಕಾಹಿಲೆಯು ಅಂಥದು.

ಅವರು ರೇಷ್ಮೆ ಇಲಾಖೆಯ ಬಿತ್ತನೆ ಕೋಠಿಯಲ್ಲಿ ಸೇವೆ ಸಲ್ಲಿಸಿ ನಿವೃತ್ತರಾದವರು. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು, ಗಂಟುರೋಗದ ಕಣಗಳುಂಟೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುವುದು ಅಲ್ಲಿಯ ನಿತ್ಯದ ಕೆಲಸ. ಕಣಗಳು ಕಂಡರೆ ಆ ಮೊಟ್ಟೆಗಳನ್ನು ಸುಟ್ಟುಬಿಡುವರು; ಚಿಟ್ಟೆ ನೋಡುವುದಕ್ಕೆ ಎಷ್ಟು ಪುಷ್ಟವಾಗಿದ್ದರೂ ಸರಿಯೆ. ಹೊರಗೆ ಚಿಹ್ನೆಯಿಲ್ಲದ ರೋಗವು ಒಳಗೆ ಮನೆಮಾಡಿರಬಹುದೆಂಬುದು ಅವರಿಗೆ ಹೊಸ ಮಾತಾಗಿರಲಿಲ್ಲ. ಆದರೆ ಚಿಟ್ಟೆಯ ವಿಷಯದಲ್ಲಿ ತಿಳಿದುದು ತನ್ನ ವಿಷಯದಲ್ಲಿ ಹೊಳೆಯಬೇಕೆಂದೇನೂ ಇಲ್ಲವಷ್ಟೆ.

1987ರಲ್ಲಿ ಕನಕಪುರದ ರಸ್ತೆಯಲ್ಲಿ ಅಪಘಾತವಾಗಿ ಅವರ ತೊಡೆಯ ಮೂಳೆ ಮುರಿದಿತ್ತು. ಆಗ ಕೊಟ್ಟ ಎರಡು ಬಾಟಲಿ ರಕ್ತವು ಪ್ರಾಣವನ್ನುಳಿಸಿತು. ಅದರೊಡನೆ ಹೆಸರೇ ಇಲ್ಲದ ಅತಿಥಿಯೊಂದು ಒಳಹೊಕ್ಕಿತು. ಹೆಸರಿಲ್ಲವೆಂಬುದು ಅಲಂಕಾರದ ಮಾತಲ್ಲ. ರಕ್ತ ಪಡೆದವರಿಗೆ ಬರುವ ಯಕೃತ್ತಿನ ಉರಿಯೂತದಲ್ಲಿ ಎ ಎಂಬುದೂ ಅಲ್ಲದ, ಬಿ ಎಂಬುದೂ ಅಲ್ಲದ ಮೂರನೆಯದೊಂದಿದೆಯೆಂದು ಅಮೆರಿಕೆಯ ಹಾರ್ವೆ ಆಲ್ಟರ್ ಎಪ್ಪತ್ತರ ದಶಕದಲ್ಲೇ ತೋರಿಸಿದ್ದರೂ, ಮೈಕೇಲ್ ಹಾಟನ್ ಮತ್ತು ಅವರ ಸಂಗಡಿಗರು ಆ ವಿಷಾಣುವನ್ನು ಗುರುತಿಸಿ ಸಿ ಎಂದು ಕರೆದುದು 1989ರಲ್ಲಿ. ಭಾರತದ ರಕ್ತನಿಧಿಗಳಲ್ಲಿ ಅದರ ಪರೀಕ್ಷೆ ಕಡ್ಡಾಯವಾದುದು 2001ರಲ್ಲಿ. ಆದಕಾರಣ 1987ರ ಆ ಬಾಟಲಿಗಳಿಗಾಗಿ ಯಾರನ್ನೂ ದೂರುವಂತಿಲ್ಲ. ದೂರುವುದಕ್ಕೆ ಯಾರೂ ಸಿಕ್ಕದಿದ್ದುದೇ ಅವರಿಗೆ ಬಹುಕಾಲ ಒಂದು ಸಂಕಟವಾಗಿತ್ತು.

2008ರಲ್ಲಿ ಅಂಡವಾಯುವಿನ ಶಸ್ತ್ರಚಿಕಿತ್ಸೆಗೆ ಮೊದಲು ಮಾಡಿದ ರಕ್ತಪರೀಕ್ಷೆಯಲ್ಲಿ ಗುಟ್ಟು ಹೊರಬಿತ್ತು. ಯಕೃತ್ತಿನ ಕಾಹಿಲೆಯೆಂದರೆ ಕುಡಿತದ ಫಲವೆಂದೇ ಜನದ ತೀರ್ಮಾನ. ಸಾರಾಯಿಯ ವಾಸನೆಯನ್ನೇ ಕಂಡರಿಯದ ಆ ಮನುಷ್ಯನನ್ನು ಹತ್ತಿರದ ಬಂಧುಗಳೇ ಓರೆಗಣ್ಣಿನಿಂದ ನೋಡಿದರು. ಯಾರೋ ಹೇಳಿದ ಮಾತು ಕೇಳಿ ಅವರ ಪತ್ನಿಯು ತಟ್ಟೆ ಲೋಟಗಳನ್ನು ಬೇರೆ ಇರಿಸಿದರು. ಈ ವಿಷಾಣು ಹರಡುವುದು ರಕ್ತದ ಮೂಲಕ. ಒಂದೇ ಪಂಕ್ತಿಯ ಊಟದಿಂದಲ್ಲ, ಎಂಜಲಿನಿಂದಲೂ ಅಲ್ಲ. ಕ್ಷೌರದ ಕತ್ತಿಯನ್ನೂ ಹಲ್ಲುಜ್ಜುವ ಬ್ರಷ್ಷನ್ನೂ ಬೇರೆ ಇಟ್ಟಿದ್ದರೆ ಸಾಕಾಗಿತ್ತು. ಆದರೆ ಅವರು ಬಾಯಿಬಿಟ್ಟು ಏನೂ ಹೇಳದೆ, ಬೇರೆಯಿಟ್ಟ ಲೋಟವನ್ನು ತಾವೇ ತೊಳೆದಿಡುವ ಅಭ್ಯಾಸ ಮಾಡಿಕೊಂಡರು.

ಮರುವರ್ಷ ಚಿಕಿತ್ಸೆ ಆರಂಭವಾಯಿತು. ವಾರಕ್ಕೊಮ್ಮೆ ಹೊಟ್ಟೆಯ ಚರ್ಮಕ್ಕೆ ಇಂಟರ್‌ಫೆರಾನ್ ಸೂಜಿ, ದಿನವೂ ರಿಬಾವಿರಿನ್ ಮಾತ್ರೆ. ಹೀಗೆ 24 ವಾರ. ಸೂಜಿಯ ರಾತ್ರಿ ಚಳಿಜ್ವರ. ಮಾತ್ರೆಯಿಂದ ರಕ್ತದ ಕೆಂಪು ಕಣಗಳು ಒಡೆದು ನಿಶ್ಶಕ್ತಿ. ಇವೆರಡಕ್ಕಿಂತ ಮಿಗಿಲಾಗಿ, ಕಾರಣವಿಲ್ಲದೆ ಕಣ್ಣೀರು ಬರುವಂಥ ಖಿನ್ನತೆ. ಅದೂ ಆ ಔಷಧದ ಗುಣವೇ ಎಂಬುದನ್ನು ಮನೆಯವರಿಗೆ ಮೊದಲೇ ತಿಳಿಸಿದ್ದರೆ ಎಷ್ಟೋ ಜಗಳಗಳು ತಪ್ಪುತ್ತಿದ್ದುವು. ಮಗಳ ಮದುವೆಗೆಂದು ಕೂಡಿಟ್ಟ ಹಣ ಕರಗಿತು. ಕೊನೆಯಲ್ಲಿ ವಿಷಾಣು ರಕ್ತದಿಂದ ಮರೆಯಾಯಿತು. ಆರು ತಿಂಗಳಲ್ಲಿ ಮರಳಿ ಬಂದಿತು. ವೈದ್ಯರು ಕಾಗದದ ಮೇಲೆ ಬರೆದುದನ್ನು ಅವರು ಮನೆಗೆ ಬಂದು ನಿಘಂಟು ನೋಡಿ ಓದಿಕೊಂಡರು: ಚಿಕಿತ್ಸೆಗೆ ಸುಲಭವಾಗಿ ಬಗ್ಗದ ರೋಗಿ.

ಈ ಮಾತನ್ನು ಸ್ವಲ್ಪ ನಿಂತು ನೋಡಬೇಕು. ಸೋತುದು ಔಷಧ, ಹೆಸರು ಬಂದುದು ರೋಗಿಗೆ. ಬೀಗ ತೆರೆಯದಿದ್ದಾಗ ಬೀಗವನ್ನೇ ಬೈಯುವುದು ಬೀಗದ ಕೈ ಹಿಡಿದವನ ಸ್ವಭಾವ. ಆ ಮುಗ್ಧರಾದರೋ ತಮ್ಮಲ್ಲೇ ಏನೋ ಕೊರತೆಯಿದೆಯೆಂದು ಬಗೆದು, ತಪ್ಪಿದ ಒಂದೆರಡು ಮಾತ್ರೆಗಳನ್ನು ನೆನೆನೆನೆದು ಪಶ್ಚಾತ್ತಾಪಪಟ್ಟರು.

ಮುಂದಿನ ಆರು ವರ್ಷ ರೋಗವು ಯಾಪ್ಯದ ಮನೆಯಲ್ಲಿ ಕುಳಿತಿತ್ತು. ಅಂಜನಾಪುರದ ಕೆರೆಯ ಕಡೆಯಿಂದ ನೆಲನೆಲ್ಲಿ ಕಿತ್ತು ತಂದು ಅವರ ಪತ್ನಿ ಕಷಾಯ ಮಾಡಿಕೊಡುತ್ತಿದ್ದರು. ಕಾಮಾಲೆಗೆ ಅದು ಹಳೆಯ ಮದ್ದು. ಈ ವಿಷಾಣುವಿಗೆ ಮದ್ದಲ್ಲ. ಅಷ್ಟರಲ್ಲಿ ಯಕೃತ್ತು ಒಳಗೊಳಗೇ ಗಂಟುಕಟ್ಟಿ ಗಡಸಾಗುತ್ತ ಸಿರೋಸಿಸ್ ಎಂಬ ಅವಸ್ಥೆಯನ್ನು ಮುಟ್ಟಿತು.

2013ರ ಡಿಸೆಂಬರಿನಲ್ಲಿ ಅಮೆರಿಕೆಯಲ್ಲಿ ಸೊಫೊಸ್‌ಬುವಿರ್ ಎಂಬ ಮಾತ್ರೆಗೆ ಅನುಮತಿ ದೊರೆಯಿತು. ಅಲ್ಲಿ ಒಂದು ಮಾತ್ರೆಯ ಬೆಲೆ 1,000 ಡಾಲರು. ಹನ್ನೆರಡು ವಾರಕ್ಕೆ 84,000. ವೃತ್ತಪತ್ರಿಕೆಯಲ್ಲಿ ಇದನ್ನೋದಿ ಅವರು ಪತ್ರಿಕೆಯನ್ನು ಮಡಿಸಿಟ್ಟುಬಿಟ್ಟರು. ಆದರೆ 2014ರ ಸೆಪ್ಟೆಂಬರಿನಲ್ಲಿ ಭಾರತದ ಕಂಪನಿಗಳಿಗೆ ಅದನ್ನು ತಯಾರಿಸುವ ಪರವಾನಗಿ ದೊರೆತು, ಮರುವರ್ಷ 28 ಮಾತ್ರೆಯ ಶೀಶೆ 20,000 ರೂಪಾಯಿಯೊಳಗೆ ಅಂಗಡಿಗೆ ಬಂದಿತು. ಅಳಿಯಂದಿರು ಹಣ ಒದಗಿಸಿದರು. ರಿಬಾವಿರಿನ್ ಜೊತೆಯಲ್ಲಿ ಮತ್ತೆ 24 ವಾರ. ಈ ಸಲ ಒಂದು ಮಾತ್ರೆಯೂ ತಪ್ಪಲಿಲ್ಲ. ಗೋಡೆಯ ಪಂಚಾಂಗದಲ್ಲಿ ದಿನಕ್ಕೊಂದು ಗೆರೆ ಎಳೆದರು. ಮುಗಿದ ಹನ್ನೆರಡನೆಯ ವಾರದ ಪರೀಕ್ಷೆಯಲ್ಲಿ ವಿಷಾಣು ಮತ್ತೆ ಕಂಡಿತು.

ಇದಕ್ಕೆ ಕಾರಣಗಳುಂಟು. ಈ ವಿಷಾಣುವಿನಲ್ಲಿ ಹಲವು ಪ್ರಭೇದಗಳು. ಭಾರತದಲ್ಲಿ ಹೆಚ್ಚಾಗಿರುವುದು ಮೂರನೆಯದು. ಇಂಟರ್‌ಫೆರಾನ್ ಕಾಲದಲ್ಲಿ ಒಂದನೆಯದಕ್ಕಿಂತ ಮೂರನೆಯದೇ ಸಾಧುವೆನಿಸಿತ್ತು. ಹೊಸ ಮಾತ್ರೆಗಳು ಬಂದ ಮೇಲೆ ಅದೇ ಹಟಮಾರಿಯೆನಿಸಿತು. ಸಾಧ್ಯಾಸಾಧ್ಯವೆಂಬುದು ರೋಗಕ್ಕೆ ಅಂಟಿದ ಗುಣವಲ್ಲ, ಕೈಯಲ್ಲಿರುವ ಸಾಧನಕ್ಕೆ ಅಂಟಿದುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಮೂರನೆಯ ಪ್ರಭೇದ, ಗಡಸಾದ ಯಕೃತ್ತು, ಹಿಂದೆ ಸೋತ ಚಿಕಿತ್ಸೆ ಈ ಮೂರೂ ಅವರಲ್ಲಿ ಕೂಡಿದ್ದುವು. ಆದರೂ ಒಂದು ಅನುಕೂಲವಿತ್ತು. ಹೆಪಟೈಟಿಸ್ ಬಿ ವಿಷಾಣುವಿನಂತೆ ಇದು ಜೀವಕೋಶದ ತಿರುಳಿನೊಳಗೆ ಬೇರುಬಿಟ್ಟು ಕೂರುವುದಿಲ್ಲ. ಇದರ ಸಂತಾನವೃದ್ಧಿಯನ್ನು ಸಾಕಷ್ಟು ಕಾಲ ತಡೆದರೆ ನಿರ್ಮೂಲವಾಗಿಯೇ ಹೋಗುತ್ತದೆ. ಬಂಧುಗಳು ಆಗಲೇ ಅಸಾಧ್ಯವೆಂದು ತೀರ್ಮಾನಿಸಿದ್ದರು. ಅವರೂ ಉಯಿಲು ಬರೆಸಿದರು.

2018ರ ಜುಲೈ 28ರಂದು ಕೇಂದ್ರ ಸರ್ಕಾರದವರು ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿ, ಪರೀಕ್ಷೆಯನ್ನೂ ಔಷಧವನ್ನೂ ಉಚಿತ ಮಾಡಿದರು. ಮರುವರ್ಷ ಮಗಳ ಬಲವಂತಕ್ಕೆ ಅವರು ನಗರದ ಸರ್ಕಾರೀ ಚಿಕಿತ್ಸಾಕೇಂದ್ರವೊಂದಕ್ಕೆ ಹೋದರು. ಅಲ್ಲಿಯ ತರುಣ ವೈದ್ಯೆ ಹಳೆಯ ಕಾಗದಗಳನ್ನೆಲ್ಲ ಓದಿ, “ಯಜಮಾನರೇ, ಮನೆಯಲ್ಲಿ ನೀವು ನುಂಗುವುದನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಬನ್ನಿ, ಕಷಾಯದ ಸೊಪ್ಪನ್ನೂ ಬಿಡಬೇಡಿ” ಎಂದರು. ಹಿಂದೆ ಯಾರೂ ಹಾಗೆ ಕೇಳಿರಲಿಲ್ಲ. ಮರುವಾರ ಚೀಲವನ್ನು ಮೇಜಿನ ಮೇಲೆ ಸುರಿದಾಗ, ಹೊಟ್ಟೆಯುರಿಗೆಂದು ಹತ್ತು ವರ್ಷದಿಂದ ಬೆಳಗಾದರೆ ಅಂಗಡಿಯಿಂದಲೇ ಕೊಂಡು ನುಂಗುತ್ತಿದ್ದ ಮಾತ್ರೆಯ ಪಟ್ಟಿ ಸಿಕ್ಕಿತು. ಈಗ ಕೊಡಬೇಕಾಗಿದ್ದ ವೆಲ್ಪಟಾಸ್ವಿರ್ ಮೈಗೆ ಹತ್ತಬೇಕಾದರೆ ಜಠರದಲ್ಲಿ ಆಮ್ಲವಿರಬೇಕು. ಆ ಮಾತ್ರೆ ಆಮ್ಲವನ್ನೇ ಅಡಗಿಸುವಂಥದು. ಹಿಂದಿನ ಸೋಲಿಗೆ ಅದು ಕಾರಣವಲ್ಲದಿದ್ದರೂ ಮುಂದಿನದಕ್ಕೆ ಆಗಬಹುದಾಗಿತ್ತು. ಅದನ್ನು ನಿಲ್ಲಿಸಿ, ರಾತ್ರಿಯೂಟವನ್ನು ಬೇಗ ಮುಗಿಸುವಂತೆ ಹೇಳಿದರು. ಬಿ ವಿಷಾಣುವೂ ಇದೆಯೇ ಎಂದು ಪರೀಕ್ಷಿಸಿದರು. ಸಿ ಅಡಗಿದಾಗ ಮಲಗಿದ್ದ ಬಿ ಎದ್ದು ಅಪಾಯ ಮಾಡುವುದುಂಟು. ರಿಬಾವಿರಿನ್ನಿನ ಪ್ರಮಾಣವನ್ನು ಅವರ ಹಿಮೋಗ್ಲೋಬಿನ್ ನೋಡಿ ನೋಡಿ ಏರಿಳಿಸಿದರು.

ಆ 24 ವಾರ ಅವರು ಬಸ್ಸಿನಲ್ಲಿ ಯಲಚೇನಹಳ್ಳಿಗೆ ಹೋಗಿ, ಅಲ್ಲಿಂದ ಮೆಟ್ರೋ ರೈಲು ಹಿಡಿದು ಔಷಧ ತಂದರು. ಅಂಜನಾಪುರದ ಕಡೆಗೆ, ರೇಷ್ಮೆ ಸಂಸ್ಥೆಯವರೆಗೆ, ರೈಲು ಬಂದುದು 2021ರ ಜನವರಿಯಲ್ಲಿ. ಆಗ ಅದರ ಅವಶ್ಯಕತೆ ಅವರಿಗಿರಲಿಲ್ಲ. 2019ರ ಡಿಸೆಂಬರಿನ ವರದಿಯಲ್ಲಿ ವಿಷಾಣು ಕಂಡುಬಂದಿಲ್ಲವೆಂದು ಬರೆದಿತ್ತು. ಅವರು ಅದನ್ನು ಪತ್ನಿಗೆ ಓದಿ ಹೇಳಿದರು. ಆಕೆ, “ಆ ಲೋಟ ಇಲ್ಲಿ ಕೊಡಿ” ಎಂದಷ್ಟೇ ನುಡಿದು, ಅದನ್ನು ಮಿಕ್ಕ ಲೋಟಗಳೊಡನೆ ಬೋರಲು ಹಾಕಿದರು. ಮರುವರ್ಷ ಆಲ್ಟರ್, ಹಾಟನ್, ಚಾರ್ಲ್ಸ್ ರೈಸ್ ಇವರಿಗೆ ನೊಬೆಲ್ ಬಹುಮಾನ ಬಂದಾಗ ಅವರು ಆ ಪತ್ರಿಕೆಯ ತುಣುಕನ್ನು ಕತ್ತರಿಸಿಟ್ಟುಕೊಂಡರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ವಿಷಾಣು ಹೋದರೂ ಅದರೊಡನೆ ಹೋರಾಡಿದ ಪ್ರತಿಕಾಯಗಳು ರಕ್ತದಲ್ಲಿ ಉಳಿಯುವುವು; ಸಾಧಾರಣ ಪರೀಕ್ಷೆ ಅವನ್ನೇ ತೋರಿಸುವುದು. 2022ರಲ್ಲಿ ಹಲ್ಲು ಕೀಳಿಸಲು ಹೋದಲ್ಲಿ ಚೀಟಿ ನೋಡಿದ ವೈದ್ಯರು, “ಬೇರೆ ಕಡೆ ತೋರಿಸಿ” ಎಂದು ಕಳುಹಿಸಿಬಿಟ್ಟರು. ಅಂದಿನಿಂದ ಅವರು ಡಿಸೆಂಬರಿನ ಆ ವರದಿಯ ನಕಲನ್ನು ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡೇ ಎಲ್ಲಿಗಾದರೂ ಹೊರಡುವರು. ಗಡಸಾದ ಯಕೃತ್ತಿನಲ್ಲಿ ಕ್ಯಾನ್ಸರು ತಲೆಯೆತ್ತುವ ಭಯ ವಿಷಾಣು ಹೋದ ಮೇಲೂ ಇರುವುದರಿಂದ, ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಪರೀಕ್ಷೆ ತಪ್ಪುವಂತಿಲ್ಲ. ಹೊಸ ಪಂಚಾಂಗ ಬಂದೊಡನೆ ಆ ಎರಡು ದಿನಗಳಿಗೆ ಕೆಂಪು ಶಾಯಿಯಲ್ಲಿ ಗುರುತು ಹಾಕುವ ಕೆಲಸವನ್ನು ಈಗ ಅವರ ಪತ್ನಿ ಮಾಡುತ್ತಾರೆ.