ಎಂಜಿನ್ ರೂಮಿಗೆ ನೀರು ನುಗ್ಗಿದ ರಾತ್ರಿ

ನಾನು ಕಾರವಾರದವನು. ಮೊದಲು ಸರಕು ಹಡಗುಗಳಲ್ಲಿ ಎಂಜಿನಿಯರ್ ಆಗಿದ್ದೆ. ಆಮೇಲೆ ಯಾಟ್‌ಗಳಿಗೆ ಬಂದೆ. ಯಾಟ್ ಅಂದರೆ ಶ್ರೀಮಂತರ ಖಾಸಗಿ ವಿಹಾರದ ಹಡಗು. ನಾನು ಚೀಫ್ ಎಂಜಿನಿಯರ್ ಆಗಿದ್ದ ಯಾಟ್ 50 ಮೀಟರ್ ಉದ್ದ, 499 ಗ್ರಾಸ್ ಟನ್. 500 ಮುಟ್ಟಿದರೆ ದೊಡ್ಡ ಹಡಗುಗಳ ನಿಯಮಗಳು ಅನ್ವಯವಾಗುತ್ತವೆ. ಹಾಗಾಗಿ ಎಷ್ಟೋ ಯಾಟ್‌ಗಳನ್ನು 499ಕ್ಕೇ ನಿಲ್ಲಿಸುತ್ತಾರೆ.

ಎಂಜಿನ್ ವಿಭಾಗಕ್ಕೆ ನಾವು ಇಬ್ಬರೇ. ನಾನು, ಮತ್ತು ಫಿಲಿಪ್ಪೀನ್ಸ್‌ನ ಸೆಕೆಂಡ್ ಎಂಜಿನಿಯರ್. ಎರಡು ಮುಖ್ಯ ಎಂಜಿನ್, ಎರಡು ಜನರೇಟರ್, ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರ, ಏಸಿ, ಶೌಚದ ಟ್ಯಾಂಕ್, ಓಲಾಟ ತಗ್ಗಿಸುವ ಸ್ಟೆಬಿಲೈಸರ್, ಜೆಟ್‌ಸ್ಕಿ, ಎಲ್ಲವೂ ನಮ್ಮ ಪಾಲು. ಡೀಸೆಲ್ ತುಂಬಿಸುವುದು, ಬಿಡಿಭಾಗ ತರಿಸುವುದು, ಆಯಿಲ್ ರೆಕಾರ್ಡ್ ಬುಕ್ ಬರೆಯುವುದು ಚೀಫ್‌ನ ಹೊಣೆ. ಅತಿಥಿಯ ಕೋಣೆಯಲ್ಲಿ ಬಲ್ಬ್ ಹೋದರೂ ನನಗೇ ಕರೆ. ರಾತ್ರಿ ಎಂಜಿನ್ ರೂಮಿನಲ್ಲಿ ಯಾರೂ ಕೂರುವುದಿಲ್ಲ. ಏನಾದರೂ ಆದರೆ ಹಡಗು ನಡೆಸುವ ಕೋಣೆಯಾದ ಬ್ರಿಜ್‌ನಲ್ಲೂ ನನ್ನ ಕ್ಯಾಬಿನ್‌ನಲ್ಲೂ ಅಲಾರಾಂ ಹೊಡೆಯುತ್ತದೆ.

ಅದು ಅಕ್ಟೋಬರ್. ಸೀಸನ್ ಮುಗಿದಿತ್ತು. ಅತಿಥಿಗಳು ಇರಲಿಲ್ಲ. ಸಿಬ್ಬಂದಿ ಒಂಬತ್ತು ಜನ. ಸ್ಪೇನಿನ ಮೆನೋರ್ಕಾ ದ್ವೀಪದ ಮಹೋನ್ ಬಂದರಿನಿಂದ ಫ್ರಾನ್ಸಿನ ಆಂಟೀಬ್‌ಗೆ ಹೊರಟೆವು. ಸುಮಾರು 250 ನಾಟಿಕಲ್ ಮೈಲಿ. ಆ ದಾರಿಗೆ ಮಿಸ್ಟ್ರಾಲ್ ಗಾಳಿಯ ಕಾಟ ಇದೆ. ರೋನ್ ನದಿಯ ಕಣಿವೆಯಿಂದ ಇಳಿದು ಕಡಲಿಗೆ ಬೀಸುವ ಗಾಳಿ ಅದು. ಮರುದಿನ ಮಧ್ಯಾಹ್ನಕ್ಕೆ ಬರುತ್ತದೆ ಎಂದು ಮುನ್ಸೂಚನೆ ಇತ್ತು. ಮಧ್ಯರಾತ್ರಿಗೇ ಶುರುವಾಯಿತು.

ಎರಡು ಗಂಟೆ ದಾಟಿತ್ತು. ಬಿಲ್ಜ್ ಅಲಾರಾಂ ಹೊಡೆಯಿತು. ಬಿಲ್ಜ್ ಅಂದರೆ ಹಡಗಿನ ತೀರಾ ತಳ. ಸೋರಿದ ನೀರು, ಎಣ್ಣೆ ಅಲ್ಲಿ ಸೇರುತ್ತದೆ. ಓಲಾಟ ಜೋರಿದ್ದರೆ ಈ ಅಲಾರಾಂ ಸುಮ್ಮಸುಮ್ಮನೆ ಹೊಡೆಯುವುದೂ ಉಂಟು. ಆದರೂ ಇಳಿದು ಹೋದೆ. ಬಾಗಿಲು ತೆಗೆದಾಗ ಮುಖಕ್ಕೆ ಹನಿ ಬಡಿಯಿತು. ತುಟಿಗೆ ಉಪ್ಪು ಹತ್ತಿತು. ಸಮುದ್ರದ ನೀರು ಒಳಗೆ ಬರುತ್ತಿದೆ ಎಂದು ಗೊತ್ತಾಯಿತು.

ಎಂಜಿನ್‌ಗಳನ್ನು ತಂಪಾಗಿಡಲು ಹಡಗಿನ ತಳದ ಎರಡು ಬಾಯಿಗಳಿಂದ ಸಮುದ್ರದ ನೀರು ತೆಗೆದುಕೊಳ್ಳುತ್ತೇವೆ. ಎಡಕ್ಕೊಂದು, ಬಲಕ್ಕೊಂದು. ಎರಡನ್ನೂ ಸೇರಿಸುವ ಅಡ್ಡ ಪೈಪ್ ಇದೆ. ಬಲಗಡೆಯ ವಾಲ್ವ್ ದಾಟಿದ ಮೇಲೆ ರಬ್ಬರಿನ ಬೆಲ್ಲೋಸ್ ಇತ್ತು, ಎರಡು ಪೈಪುಗಳನ್ನು ಜೋಡಿಸುವ ಮೆತ್ತನೆಯ ತುಂಡು. ಅದು ಅರ್ಧ ಸುತ್ತು ಹರಿದಿತ್ತು. ನೀರಿನ ಮಟ್ಟದಿಂದ ಎರಡು ಮೀಟರ್ ಕೆಳಗೆ 100 ಮಿಲಿಮೀಟರ್ ಪೈಪ್ ಪೂರ್ತಿ ಬಾಯಿ ಬಿಟ್ಟರೆ ನಿಮಿಷಕ್ಕೆ ಒಂದೂವರೆ ಟನ್‌ಗಿಂತ ಹೆಚ್ಚು ನೀರು ಬರುತ್ತದೆ. ಉಳಿದರ್ಧ ಎಷ್ಟು ಹೊತ್ತು ತಡೆಯುತ್ತದೋ ಹೇಳುವಂತಿರಲಿಲ್ಲ.

ಕ್ಯಾಪ್ಟನ್‌ಗೆ ಫೋನ್ ಮಾಡಿ ಹೇಳಿದೆ. ಬಲಗಡೆಯ ಮುಖ್ಯ ಎಂಜಿನ್ ನಿಲ್ಲಿಸಿದೆ. ಅಷ್ಟರಲ್ಲಿ ಚಾಲೂ ಇದ್ದ ಜನರೇಟರ್‌ನೊಳಗೆ ಉಪ್ಪುನೀರು ಹೋಗಿ ಅದು ಟ್ರಿಪ್ ಆಯಿತು. ದೀಪಗಳು ಹೋದವು. 24 ವೋಲ್ಟ್‌ನ ತುರ್ತು ದೀಪ ಮಾತ್ರ ಉಳಿಯಿತು. ಇನ್ನೊಂದು ಜನರೇಟರ್ ತಾನಾಗಿ ಶುರುವಾಗುವ ಮೊದಲೇ ಅದರ ಸ್ವಿಚ್ ತಿರುಗಿಸಿ ತಡೆದೆ. ಬಿಲ್ಜ್ ಪಂಪ್‌ಗೆ ಕರೆಂಟ್ ಬೇಕು. ನಾನು ಇಳಿಯಬೇಕಿದ್ದ ನೀರಿನಲ್ಲಿ ಕರೆಂಟ್ ಬೇಡ. ಎರಡರಲ್ಲಿ ಒಂದನ್ನು ಆರಿಸಬೇಕಿತ್ತು.

ಇನ್ನೊಂದು ದಾರಿ ಇತ್ತು. ಎಡಗಡೆಯ ಎಂಜಿನ್ ಓಡುತ್ತಲೇ ಇತ್ತು. ಅದರ ಪಂಪನ್ನು ಎಂಜಿನ್ನೇ ತಿರುಗಿಸುತ್ತದೆ, ಕರೆಂಟ್ ಬೇಕಿಲ್ಲ. ಎಡಗಡೆಯ ಸಮುದ್ರದ ವಾಲ್ವ್ ಮುಚ್ಚಿ ತುರ್ತು ವಾಲ್ವ್ ತೆರೆದರೆ ಅದು ಸಮುದ್ರದ ಬದಲು ಬಿಲ್ಜ್‌ನ ನೀರನ್ನು ಎಳೆಯುತ್ತದೆ. ಸೆಕೆಂಡ್ ಎಂಜಿನಿಯರ್ ಹಾಗೇ ಮಾಡಿದ. ಅಡ್ಡ ಪೈಪಿನ ವಾಲ್ವನ್ನೂ ಮುಚ್ಚಿದ.

ಬಲಗಡೆಯ ವಾಲ್ವ್ ನನ್ನ ಪಾಲಿಗೆ ಉಳಿಯಿತು. ಅದರ ಚಕ್ರ ನೆಲದ ಪ್ಲೇಟಿನ ಕೆಳಗಿತ್ತು. ನೀರು ಆಗಲೇ ಪ್ಲೇಟ್ ಮುಚ್ಚಿತ್ತು. ಮೇಲೆ ಡೀಸೆಲ್ ತೇಲುತ್ತಿತ್ತು. ಪ್ಲೇಟ್ ಬಿಚ್ಚಿಟ್ಟು, ಮಂಡಿಯೂರಿ ಎರಡೂ ಕೈ ಒಳಗೆ ಹಾಕಿದೆ. ನೀರು ಎದೆಗೆ ಬಂತು. ಹರಿದ ಬಾಯಿಯಿಂದ ಬರುವ ನೀರು ನೇರ ಮುಖಕ್ಕೆ ಹೊಡೆಯುತ್ತಿತ್ತು. ಕಣ್ಣು ಬಿಡಲು ಆಗಲಿಲ್ಲ. ಚಕ್ರ ಕೈಗೆ ಸಿಕ್ಕಿತು, ತಿರುಗಿತು. ಮುಕ್ಕಾಲು ಭಾಗ ಮುಚ್ಚಿದ ಮೇಲೆ ಬಿಗಿಯಾಯಿತು.

ಆಗ ಹೆದರಿದೆ. ಹೊರಟು ಮೇಲೆ ಹೋಗಬೇಕು ಅನ್ನಿಸಿತು. ಏಣಿ ನನ್ನ ಬೆನ್ನ ಹಿಂದೆಯೇ ಇತ್ತು. ಸೆಕೆಂಡ್ ಎಂಜಿನಿಯರ್ ಬಂದು ನನ್ನ ಬೆಲ್ಟ್ ಹಿಡಿದುಕೊಂಡ. ಹಡಗು ಓಲಾಡಿದಾಗ ನಾನು ಜಾರದಂತೆ ಹಿಡಿದೇ ಇದ್ದ. ಒಂದು ತುಂಡು ಪೈಪನ್ನು ಚಕ್ರಕ್ಕೆ ಸಿಕ್ಕಿಸಿ ಇಬ್ಬರೂ ಒತ್ತಿದೆವು. ಒಂದು ದೊಡ್ಡ ಅಲೆಗೆ ಬಿಚ್ಚಿಟ್ಟ ಪ್ಲೇಟ್ ಜಾರಿ ನನ್ನ ಎಡಗೈ ಮೇಲೆ ಬಿತ್ತು. ಆ ಕ್ಷಣ ನೋವು ಗೊತ್ತಾಗಲಿಲ್ಲ. ಬಲಗೈಯಲ್ಲೇ ಒತ್ತಿದೆ. ವಾಲ್ವ್ ಕೂತಿತು. ನೀರಿನ ಸದ್ದು ನಿಂತಿತು.

ಮೇಲೆ ಕ್ಯಾಪ್ಟನ್ ಹಡಗಿನ ದಿಕ್ಕು ಬದಲಿಸಿ ಓಲಾಟ ತಗ್ಗಿಸಿದ್ದರು. ಟುಲೋನ್ ಬಳಿಯ ಫ್ರೆಂಚ್ ರಕ್ಷಣಾ ಕೇಂದ್ರಕ್ಕೆ ಪ್ಯಾನ್-ಪ್ಯಾನ್ ಕಳಿಸಿದ್ದರು. ಅದು ಮೇಡೇಗಿಂತ ಒಂದು ಮೆಟ್ಟಿಲು ಕೆಳಗಿನ ತುರ್ತು ಕರೆ. ಸಿಬ್ಬಂದಿ ಲೈಫ್ ಜಾಕೆಟ್ ಹಾಕಿಕೊಂಡು ಮೇಲಿನ ಡೆಕ್‌ನಲ್ಲಿ ಸೇರಿದ್ದರು. ಒಂದು ಸರಕು ಹಡಗು ದಾರಿ ಬದಲಿಸಿ ಬಂದು, ಬೆಳಗಾಗುವ ತನಕ ನಮ್ಮ ಕಣ್ಣಳತೆಯಲ್ಲಿ ನಿಂತಿತು. ಅದರಲ್ಲಿ ಯಾರಿದ್ದರು ಎಂದು ನನಗೆ ಗೊತ್ತಿಲ್ಲ.

ಕೇಬಲ್‌ಗಳನ್ನು ನೋಡಿ, ಒರೆಸಿ, ಎರಡನೇ ಜನರೇಟರ್ ಶುರು ಮಾಡಿದೆವು. ಅಡುಗೆಯವರು ಟವೆಲಿನಲ್ಲಿ ನನ್ನ ಕೈ ಕಟ್ಟಿದರು. ಸಕ್ಕರೆ ಜಾಸ್ತಿ ಹಾಕಿದ ಚಹಾ ಕೊಟ್ಟರು. ಕಪ್ ಹಿಡಿಯಲಾಗಲಿಲ್ಲ, ಅವರೇ ಕುಡಿಸಿದರು. ಬೆಳಿಗ್ಗೆ ಆಯಿಲ್ ರೆಕಾರ್ಡ್ ಬುಕ್ ತೆರೆದು ಬರೆದೆ. ಎಣ್ಣೆ ಬೆರೆತ ನೀರನ್ನು ಶುದ್ಧೀಕರಿಸದೆ ಸಮುದ್ರಕ್ಕೆ ಬಿಡುವುದು ಅಪರಾಧ. ಹಡಗು ಉಳಿಸಿಕೊಳ್ಳಲು ಬಿಟ್ಟರೆ ಸಮುದ್ರ ಮಾಲಿನ್ಯ ತಡೆಯುವ ಮಾರ್ಪೋಲ್ ನಿಯಮದಲ್ಲಿ ವಿನಾಯಿತಿ ಇದೆ. ಹೊತ್ತು, ಜಾಗ, ಕಾರಣ ಬರೆಯಲೇಬೇಕು. ಬರೆದು ಸಹಿ ಹಾಕಿದೆ.

ಒಂದೇ ಎಂಜಿನ್‌ನಲ್ಲಿ ನಿಧಾನಕ್ಕೆ ಆಂಟೀಬ್ ಸೇರಿದೆವು. ಆಸ್ಪತ್ರೆಯಲ್ಲಿ ಎಡಗೈ ಉಂಗುರ ಬೆರಳಿನ ತುದಿಯ ಗೆಣ್ಣು ತೆಗೆದರು. ಅಂದು ಸಂಜೆ ಹೆಂಡತಿ ಫೋನ್ ಮಾಡಿದಳು. "ಗಾಳಿ ಜೋರಿತ್ತು, ಈಗ ಬಂದು ಮುಟ್ಟಿದೆವು" ಅಂದೆ. ಬೆರಳಿನ ವಿಷಯ ಊರಿಗೆ ಹೋದ ಮೇಲೆ ಹೇಳಿದೆ. ಅವಳು ಕೈ ನೋಡಿದಳು. ಆ ದಿನ ಮತ್ತೇನೂ ಕೇಳಲಿಲ್ಲ.

ಬೆಲ್ಲೋಸ್ ಬಿಚ್ಚಿ ನೋಡಿದಾಗ ಎರಡು ಪೈಪುಗಳ ತುದಿ ಒಂದಕ್ಕೊಂದು ನೇರ ಇರಲಿಲ್ಲ, ಒಂದು ಬೆರಳಿನಷ್ಟು ಆಚೀಚೆ ಇತ್ತು. ಹಿಂದಿನ ಚಳಿಗಾಲ ನಾನು ಸೇರುವ ಮೊದಲು ರಿಪೇರಿ ಯಾರ್ಡ್‌ನಲ್ಲಿ ರಬ್ಬರನ್ನು ಎಳೆದು ಕೂರಿಸಿದ್ದರು. ಬಿಲ್‌ನಲ್ಲಿ 'ಬದಲಿಸಲಾಗಿದೆ' ಎಂದಷ್ಟೇ ಇತ್ತು. ವಿಮೆಯವರು, ಯಾರ್ಡ್‌ನವರು ಬಹಳ ದಿನ ಪತ್ರ ಬರೆದುಕೊಂಡರು.

ನಾನು ಚಳಿಗಾಲ ಮುಗಿದ ಮೇಲೆ ಅದೇ ಹಡಗಿಗೆ ಮರಳಿದೆ. ಬಹಳ ಕಾಲ ರಾತ್ರಿ ಎದ್ದು ಎಂಜಿನ್ ರೂಮಿಗೆ ಹೋಗಿ ಟಾರ್ಚ್ ಹಾಕಿ ಪ್ಲೇಟಿನ ಕೆಳಗೆ ನೋಡಿ ಬರುತ್ತಿದ್ದೆ. ಈಗ ಅಷ್ಟಿಲ್ಲ.

ನಮ್ಮ ಕರಾವಳಿಯ ಹುಡುಗರು ಸಂಬಳ ನೋಡಿ ಯಾಟ್‌ಗಳಿಗೆ ಬರುತ್ತಿದ್ದಾರೆ. ಬರಲಿ, ಒಳ್ಳೆಯ ಕೆಲಸವೇ. ಅವರಿಗೆ ಒಂದು ಮಾತು. ಹಡಗು ಹತ್ತಿದ ದಿನವೇ ಸಮುದ್ರಕ್ಕೆ ತೆರೆಯುವ ವಾಲ್ವ್‌ಗಳು ಎಲ್ಲೆಲ್ಲಿವೆ ಎಂದು ಕೇಳಿ. ವಾರಕ್ಕೊಮ್ಮೆ ಪ್ರತಿಯೊಂದನ್ನೂ ಕೈಯಾರೆ ಪೂರ್ತಿ ಮುಚ್ಚಿ ತೆರೆಯಿರಿ. ಹೊಸ ಬೆಲ್ಲೋಸ್ ಅಂದರೆ ನಂಬಬೇಡಿ, ಪೈಪ್ ನೇರ ಇದೆಯೇ ಎಂದು ಸ್ಕೇಲ್ ಇಟ್ಟು ನೋಡಿ. ಯಾರೂ ಇದಕ್ಕೆ ಶಹಬ್ಬಾಸ್ ಅನ್ನುವುದಿಲ್ಲ. ಆದರೂ ಮಾಡಿ.