‘ನೋಡೋಣ’ ಎನ್ನುವವರಿಗೊಂದು ಬಟನ್

ನಮ್ಮ ಕಡೆಯವರನ್ನು ‘ಕಾಫಿ ಕುಡಿತೀರೋ, ಟೀ ಕುಡಿತೀರೋ’ ಎಂದು ಕೇಳಿ ನೋಡಿ. ‘ಯಾವುದಾದ್ರೂ ಪರವಾಗಿಲ್ಲ’ ಎನ್ನುತ್ತಾರೆ. ಮತ್ತೊಮ್ಮೆ ಕೇಳಿದರೆ ‘ನೀವು ಏನು ಮಾಡ್ಕೊಳ್ತೀರೋ ಅದರಲ್ಲೇ ಒಂದು ಲೋಟ’ ಎನ್ನುತ್ತಾರೆ. ಮೂರನೆಯ ಸಲಕ್ಕೆ ‘ಈಗ ತಾನೇ ಆಯ್ತು, ಏನೂ ಬೇಡ’ ಎಂದುಬಿಡುತ್ತಾರೆ. ಮನೆಯಾಕೆ ಈ ಮೂರನ್ನೂ ಕೇಳಿಸಿಕೊಂಡು ತನಗೆ ತೋಚಿದ್ದನ್ನು ತಂದಿಡುತ್ತಾಳೆ, ಬಂದವರು ಸೊರ್ರೆಂದು ಕುಡಿಯುತ್ತಾರೆ. ಯಾರೂ ಏನನ್ನೂ ಆರಿಸಲಿಲ್ಲ, ಆದರೂ ಉಪಚಾರ ಸಾಂಗವಾಗಿ ನಡೆಯಿತು. ಇಂಥ ಜನಕ್ಕೆ ವೆಬ್‌ಸೈಟಿನಲ್ಲಿ ಫಾರ್ಮ್ ಕಟ್ಟಿಕೊಡುವುದು ನನ್ನ ಹೊಟ್ಟೆಪಾಡು.

ಫಾರ್ಮಿನಲ್ಲಿ ಗುರುತು ಹಾಕುವ ಜಾಗಗಳು ಎರಡು ಬಗೆ. ಚೌಕವಾಗಿರುವುದು ಚೆಕ್ ಬಾಕ್ಸ್. ಎಷ್ಟು ಬೇಕಾದರೂ ಟಿಕ್ ಮಾಡಿ, ಬೇಡವೆನಿಸಿದರೆ ಮತ್ತೆ ಒತ್ತಿ ಅಳಿಸಿ, ಅದಕ್ಕೆ ಬೇಸರವೇ ಇಲ್ಲ. ದುಂಡಗಿರುವುದು ರೇಡಿಯೋ ಬಟನ್. ಅದಕ್ಕೆ ಉತ್ತರ ಒಂದೇ ಆಗಬೇಕು. ಹೊಸದನ್ನು ಒತ್ತಿದರೆ ಹಳೆಯದನ್ನು ತಾನೇ ಕೈಬಿಡುತ್ತದೆ. ಒಮ್ಮೆ ಒತ್ತಿದಿರೋ, ‘ನಾನು ಒತ್ತಲೇ ಇಲ್ಲ’ ಎಂದು ವಾಪಸು ಬರಲು ದಾರಿಯಿಲ್ಲ. 1984ರ ಮ್ಯಾಕಿಂಟಾಷ್ ಕಂಪ್ಯೂಟರಿನಲ್ಲೂ ಚೌಕಕ್ಕೂ ದುಂಡಿಗೂ ಈ ಭೇದ ಇತ್ತು. ಆಮೇಲೆ ಪರದೆಗಳು ಬಣ್ಣ ಕಂಡವು, ತೆಳ್ಳಗಾದವು, ಜೇಬಿಗೂ ಇಳಿದವು. ದುಂಡಿನ ಹಟ ಮಾತ್ರ ಹಾಗೇ ಇದೆ.

ಈ ಹಟ ಅದಕ್ಕೆ ಪಿತ್ರಾರ್ಜಿತ. ಹಳೆಯ ಕಾರ್ ರೇಡಿಯೋಗಳಲ್ಲಿ ಸಾಲಾಗಿ ಬಟನ್‌ಗಳಿರುತ್ತಿದ್ದವು, ಒಂದೊಂದು ಸ್ಟೇಷನ್ನಿಗೆ ಒಂದೊಂದು. ಕಾರಿಲ್ಲದ ನಮ್ಮಂಥವರ ನಡುಮನೆಯ ಗೂಡಿನಲ್ಲಿ ಕೂತಿರುತ್ತಿದ್ದ ವಾಲ್ವ್ ರೇಡಿಯೋಗಳಲ್ಲೂ ದಂತದ ಬಣ್ಣದ ಅಗಲ ಕೀಗಳಿದ್ದವು: ಮೀಡಿಯಂ ವೇವ್, ಶಾರ್ಟ್ ವೇವ್ ಒಂದು, ಎರಡು. ಟಕ್ಕೆಂದು ಒಂದು ಕೆಳಗಿಳಿದರೆ ಟಪ್ಪೆಂದು ಇನ್ನೊಂದು ಮೇಲೇಳುತ್ತಿತ್ತು. ಒಳಗೆ ಇದ್ದದ್ದು ಸ್ಪ್ರಿಂಗುಗಳು, ಮತ್ತು ಒತ್ತಿದ ಕೀಯನ್ನು ಕಚ್ಚಿ ಹಿಡಿಯುವ ಒಂದು ತಗಡಿನ ಪಟ್ಟಿ. ಹೊಸ ಕೀ ಇಳಿಯುವಾಗ ಪಟ್ಟಿ ಪಕ್ಕಕ್ಕೆ ಸರಿಯುತ್ತಿತ್ತು, ಹಳೆಯ ಕೀಗೆ ಬಿಡುಗಡೆಯಾಗುತ್ತಿತ್ತು. ಮನೆಯ ಹುಡುಗರು ಇದರಲ್ಲೂ ಒಂದು ಉಪಾಯ ಕಂಡುಹಿಡಿದಿದ್ದರು. ಯಾವುದಾದರೊಂದು ಕೀಯನ್ನು ಪೂರ್ತಿ ಒತ್ತದೆ, ಹದವಾಗಿ ಅರ್ಧ ಒತ್ತಿ ಬಿಟ್ಟರೆ ಎಲ್ಲವೂ ಒಟ್ಟಿಗೆ ಮೇಲೆದ್ದು ನಿಲ್ಲುತ್ತಿದ್ದವು. ಯಾವ ಬ್ಯಾಂಡೂ ಇಲ್ಲ, ಯಾವ ಹಾಡೂ ಇಲ್ಲ. ವಾರ್ತೆಗೆ ಕಾದು ಕೂತಿದ್ದ ಅಜ್ಜನಿಂದ ಬೈಗುಳ ಮಾತ್ರ ಇತ್ತು.

ಪರದೆಯ ಮೇಲೆ ಆ ತಗಡಿನ ಪಟ್ಟಿಯ ಕೆಲಸ ಮಾಡುವುದು ಒಂದು ಹೆಸರು. ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಒಂದೇ ‘ನೇಮ್’ ಹೊತ್ತ ಬಟನ್‌ಗಳೆಲ್ಲ ಒಂದು ಗುಂಪು, ಆ ಗುಂಪಿಗೆ ಒಂದೇ ಉತ್ತರ. ಹೆಸರು ಬೇರೆ ಬೇರೆಯಾದರೆ ಒಂದರ ಗೊಡವೆ ಇನ್ನೊಂದಕ್ಕಿಲ್ಲ, ಎಲ್ಲವನ್ನೂ ಒತ್ತಬಹುದು. ನಾನು ಕೆಲಸ ಮಾಡುವುದು ಡ್ರೂಪಲ್‌ನಲ್ಲಿ. ಬೆಲ್ಜಿಯಂನ ಡ್ರೀಸ್ ಬೈಟಾರ್ಟ್ ಎಂಬವರು 2001ರಲ್ಲಿ ಹೊರಬಿಟ್ಟ ಈ ಕಂಟೆಂಟ್ ಮ್ಯಾನೇಜ್‌ಮೆಂಟ್ ವ್ಯವಸ್ಥೆಯಲ್ಲಿ ಹೆಸರು ಹಚ್ಚುವ ಚಾಕರಿಯನ್ನು ತಂತ್ರಾಂಶವೇ ನೋಡಿಕೊಳ್ಳುತ್ತದೆ. ನಾವು ಕೊಡಬೇಕಾದದ್ದು ಆಯ್ಕೆಗಳ ಪಟ್ಟಿ. ಬಹುಕಾಲ ಅದನ್ನು ಸಾಲಿಗೊಂದರಂತೆ ಬರೆಯುತ್ತಿದ್ದೆವು: ಎಡಕ್ಕೆ ಡೇಟಾಬೇಸು ಇಟ್ಟುಕೊಳ್ಳುವ ಸಂಕೇತ, ನಡುವೆ ಒಂದು ನಿಂತ ಗೆರೆ, ಬಲಕ್ಕೆ ಜನರ ಕಣ್ಣಿಗೆ ಬೀಳುವ ಮಾತು. ಬಲಗಡೆಯ ಮಾತನ್ನು ಯಾವಾಗ ಬೇಕಾದರೂ ತಿದ್ದಬಹುದು, ‘ಸಸ್ಯಾಹಾರ’ವನ್ನು ‘ಸಸ್ಯಾಹಾರಿ ಊಟ’ ಮಾಡಬಹುದು. ಆದರೆ ಯಾರಾದರೂ ಒಬ್ಬರು ಆ ಬಟನ್ ಒತ್ತಿ ಉತ್ತರ ಕೊಟ್ಟಿದ್ದರೆ, ಎಡಗಡೆಯ ಸಂಕೇತವನ್ನು ಅಳಿಸಲು ಡ್ರೂಪಲ್ ಬಿಡುವುದಿಲ್ಲ. ಒಬ್ಬನೇ ಮನುಷ್ಯ ನೆಚ್ಚಿಕೊಂಡಿದ್ದರೂ ಸಾಕು, ಆ ಆಯ್ಕೆಗೆ ರಕ್ಷಣೆಯಿದೆ. ತಂತ್ರಾಂಶದ ಈ ಮರ್ಯಾದೆ ನನಗೆ ಬಹಳ ಹಿಡಿಸಿದೆ.

ಅದರ ಇನ್ನೂ ಕೆಲವು ವರಸೆಗಳಿವೆ. ‘ಎಷ್ಟು ಉತ್ತರ ಬೇಕು’ ಎಂಬಲ್ಲಿ ಒಂದು ಎಂದರೆ ದುಂಡುಗಳು ಮೂಡುತ್ತವೆ. ‘ಮಿತಿಯಿಲ್ಲ’ ಎಂದರೆ ಅದೇ ಪಟ್ಟಿ ಚೌಕಗಳಾಗಿ ಎದುರು ನಿಲ್ಲುತ್ತದೆ. ಪ್ರಶ್ನೆ ಕಡ್ಡಾಯ, ಆದರೆ ಆಯ್ಕೆ ಒಂದೇ ಎಂದಾದರೆ ಡ್ರೂಪಲ್ ತಾನೇ ಅದನ್ನು ಒತ್ತಿಟ್ಟಿರುತ್ತದೆ. ನಾಮಪತ್ರ ಒಂದೇ ಬಂದರೆ ‘ಅವಿರೋಧ ಆಯ್ಕೆ’ ಎಂದು ಬರೆದು ಬಾಗಿಲು ಹಾಕಿಕೊಂಡು ಹೋಗುವ ಸಹಕಾರ ಸಂಘದ ಚುನಾವಣಾಧಿಕಾರಿಯ ಹಾಗೆ. ಪ್ರಶ್ನೆ ಕಡ್ಡಾಯವಲ್ಲದಿದ್ದರೆ ಮಾತ್ರ ಪಟ್ಟಿಯ ನೆತ್ತಿಯ ಮೇಲೆ ನಾವು ಬರೆಯದ ಇನ್ನೊಂದು ಬಟನ್ ಬಂದು ಕೂರುತ್ತದೆ: ‘ಅನ್ವಯಿಸುವುದಿಲ್ಲ’. ಒತ್ತಿದ್ದನ್ನು ಬಿಡಿಸಲು ದುಂಡಿನಲ್ಲಿ ಬೇರೆ ಉಪಾಯವಿಲ್ಲವಲ್ಲ, ಅದಕ್ಕೆ. ರೇಡಿಯೋ ಮುಂದೆ ಹುಡುಗರು ಕದ್ದು ಮಾಡುತ್ತಿದ್ದ ಅರ್ಧ ಒತ್ತಿಗೆ ಇಲ್ಲಿ ರಾಜಮಾರ್ಗ ಸಿಕ್ಕಿದೆ.

ಮೊದಲಿನವರು ಇಷ್ಟು ಉದಾರಿಗಳಾಗಿರಲಿಲ್ಲ. ಟಿಮ್ ಬರ್ನರ್ಸ್-ಲೀ ಮತ್ತು ಡ್ಯಾನ್ ಕಾನಲಿ 1995ರಲ್ಲಿ ಬರೆದ ಎಚ್‌ಟಿಎಂಎಲ್ 2.0 ನಿಯಮಾವಳಿಯ ಪ್ರಕಾರ ಗುಂಪಿನಲ್ಲಿ ಸದಾಕಾಲ ಒಂದು ಬಟನ್ ಒತ್ತಿರಲೇಬೇಕು. ಯಾವುದೆಂದು ಹೇಳದಿದ್ದರೆ ಬ್ರೌಸರ್ ಮೊದಲನೆಯದನ್ನು ಒತ್ತಿಡಬೇಕು. ತರ್ಕ ಅಚ್ಚುಕಟ್ಟಾಗಿದೆ, ರೇಡಿಯೋ ಎಂದ ಮೇಲೆ ಯಾವುದಾದರೂ ಸ್ಟೇಷನ್ ಹಾಡುತ್ತಿರಬೇಕಲ್ಲ. ಆದರೆ ಫಾರ್ಮು ತುಂಬಿ ಬಂದ ಮೇಲೆ ಮೊದಲ ಉತ್ತರವನ್ನು ಮನಸ್ಸಿಟ್ಟು ಕೊಟ್ಟವರು ಯಾರು, ಕಣ್ಣು ಹಾಯಿಸದೆ ಕೆಳಗೆ ಹೋದವರು ಯಾರು ಎಂದು ಬ್ರಹ್ಮನೂ ಹೇಳಲಾರ. ಇವತ್ತಿನ ಬ್ರೌಸರುಗಳು ಗುಂಪನ್ನು ಖಾಲಿ ಬಿಡುತ್ತವೆ. ಮೊದಲೇ ಒಂದನ್ನು ಒತ್ತಿಡುವ, ಅಂದರೆ ಡಿಫಾಲ್ಟ್ ಇಡುವ ಬಿಡುವ ಅಧಿಕಾರ ಫಾರ್ಮ್ ಕಟ್ಟುವವರ ಕೈಗೆ ಬಂದಿದೆ.

ಅದು ಸಣ್ಣ ಅಧಿಕಾರವಲ್ಲ. ಎರಿಕ್ ಜಾನ್ಸನ್ ಮತ್ತು ಡೇನಿಯಲ್ ಗೋಲ್ಡ್‌ಸ್ಟೀನ್ 2003ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅಂಗದಾನದ ಒಪ್ಪಿಗೆಯ ಲೆಕ್ಕ ಕೊಟ್ಟಿದ್ದರು. ಜರ್ಮನಿಯಲ್ಲಿ ಅದು ಶೇ. 12, ಪಕ್ಕದ ಆಸ್ಟ್ರಿಯಾದಲ್ಲಿ ಶೇ. 99.98. ಭಾಷೆ ಒಂದೇ, ಗಡಿ ಒಂದೇ. ಜರ್ಮನಿಯಲ್ಲಿ ಬೇಕೆನ್ನುವವರು ಮುಂದೆ ಬಂದು ಹೇಳಬೇಕಿತ್ತು, ಆಸ್ಟ್ರಿಯಾದಲ್ಲಿ ಬೇಡವೆನ್ನುವವರು. ನಮ್ಮ ‘ಪರವಾಗಿಲ್ಲ’ ಎನ್ನುವ ಗುಣ ನಮ್ಮೂರಿನದಷ್ಟೇ ಎಂದುಕೊಂಡಿದ್ದ ನನಗೆ ಆ ಅಂಕಿಗಳನ್ನು ಓದಿ ಸಮಾಧಾನವಾಯಿತು. ಮನುಷ್ಯರೆಲ್ಲ ಇಟ್ಟದ್ದನ್ನು ಕುಡಿಯುವವರೇ. ಹಾಗಾಗಿ ಏನನ್ನು ಇಡುತ್ತೇವೆ ಎಂಬುದರ ಮೇಲೆ ನಿಗಾ ಬೇಕು.

ಪಟ್ಟಿಯಲ್ಲಿ ಯಾವುದಕ್ಕೆ ಜಾಗವಿದೆ ಎಂಬುದೂ ಅಷ್ಟೇ ತೂಕದ ಪ್ರಶ್ನೆ. ನಮ್ಮ ದೇಶದ ಅತಿ ದೊಡ್ಡ ರೇಡಿಯೋ ಬಟನ್ ಸಾಲು ಮತಯಂತ್ರದ್ದು. ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ತಯಾರಿಸುವ ಆ ಯಂತ್ರದ ಒಂದೊಂದು ಘಟಕದಲ್ಲಿ 16 ನೀಲಿ ಬಟನ್‌ಗಳು, ಒತ್ತಬಹುದಾದದ್ದು ಒಂದೇ. ಯಾರೂ ಬೇಡ ಎನ್ನುವವರು ಮೊದಲು ಅದನ್ನು ಮತಗಟ್ಟೆಯ ಅಧಿಕಾರಿಗೇ ಹೇಳಿ, ರಿಜಿಸ್ಟರಿನಲ್ಲಿ ಬರೆಸಿ ಸಹಿ ಹಾಕಬೇಕಿತ್ತು. ಮತ ಹಾಕಿದವರದು ಗುಟ್ಟು, ಹಾಕದವರದು ಜಗಜ್ಜಾಹೀರು. 2013ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟ ಮೇಲೆ ಪಟ್ಟಿಯ ಕೊನೆಗೆ ‘ನೋಟಾ’ ಬಂತು. 2011ರ ಜನಗಣತಿಯಲ್ಲಿ ಲಿಂಗದ ಪ್ರಶ್ನೆಗೆ ಗಂಡು, ಹೆಣ್ಣಿನ ಜೊತೆ ‘ಇತರೆ’ ಎಂಬ ಮೂರನೆಯ ಸಂಕೇತವೂ ಇತ್ತು. 4,87,803 ಮಂದಿ ಅದರಲ್ಲಿ ಲೆಕ್ಕಕ್ಕೆ ಸಿಕ್ಕರು. ಅಲ್ಲಿಯವರೆಗೆ ಅವರೇನು ಇರಲಿಲ್ಲವೇ? ಇದ್ದರು, ಗಣತಿಯ ಹಾಳೆಯಲ್ಲಿ ಅವರದೆನ್ನುವ ಸಾಲು ಇರಲಿಲ್ಲ.

ಈಚೆಗೆ ಒಂದು ಹಳೆಯ ವಿದ್ಯಾರ್ಥಿಗಳ ಕೂಟಕ್ಕೆ ಫಾರ್ಮ್ ಕಟ್ಟಿದೆ. ಉಸ್ತುವಾರಿ ನಿವೃತ್ತ ಗಣಿತದ ಮೇಷ್ಟ್ರದು. ನಾನು ‘ಬರುತ್ತೇನೆ’, ‘ಬರುವುದಿಲ್ಲ’ಗಳ ಕೆಳಗೆ ‘ನೋಡೋಣ’ ಎಂದು ಇನ್ನೊಂದು ಸೇರಿಸಿದ್ದೆ. ಮೇಷ್ಟ್ರು ಕನ್ನಡಕ ಮೇಲೇರಿಸಿದರು.

‘ಇದೇನಯ್ಯಾ ಇದು? ಎರಡೇ ಸಾಕು. ಮೂರನೇದು ಇಟ್ರೆ ಎಲ್ರೂ ಅದನ್ನೇ ಒತ್ತಿ ಕೂತ್ಕೋತಾರೆ.’

‘ಇಡದಿದ್ರೆ ಮುಲಾಜಿಗೆ “ಬರ್ತೀನಿ” ಅಂತ ಒತ್ತಿ ಮನೇಲೇ ಇರ್ತಾರೆ ಸಾರ್.’

‘ಊಟದ ಲೆಕ್ಕ ಹೇಗೆ ಹಿಡಿಯೋದು? “ನೋಡೋಣ” ಅಂದ್ರೆ ಅರ್ಧ ಎಲೇನಾ?’

ಅಡ್ವಾನ್ಸು ಇಸಿದುಕೊಳ್ಳಲು ಬಂದಿದ್ದ ಅಡುಗೆ ಭಟ್ಟರು ಪಕ್ಕದಲ್ಲೇ ಕೂತಿದ್ದರು. ಕಂಪ್ಯೂಟರಿನ ಕಡೆ ತಿರುಗಿಯೂ ನೋಡದೆ ಹೇಳಿದರು: ‘ಆ ಮೂರನೇ ಲೆಕ್ಕ ನಂಗೆ ಬೇಕೇ ಬೇಕು ಮೇಷ್ಟ್ರೇ. “ಬರ್ತೀನಿ” ಅಂದೋರ್ನ ನೋಡಿ ಹೋಳಿಗೆ ತಟ್ತೀನಿ, “ನೋಡೋಣ” ಅಂದೋರ್ನ ನೋಡಿ ಸಾರು ಇಳಿಸ್ತೀನಿ. ಜನ ಜಾಸ್ತಿ ಬಂದ್ರೆ ಸಾರಿಗೆ ನೀರು ಹಾಕ್ಬೋದು, ಹೋಳಿಗೆಗೆ ಹಾಕೋಕಾಗುತ್ಯೇ?’